ಸೋತ ರಾಜರ ಪಟ್ಟಿಯನ್ನು ಓದುವುದು ಹೇಗೆ?

“ಸರ್, ಇಬ್ಬರೂ ನಾನೇ ಗೆದ್ದೆ ಅಂತಾರಲ್ಲ, ಹಾಗಾದ್ರೆ ಸೋತೋರು ಯಾರು?” ಕೀಲ್ಪಾಕ್‌ನ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗಿ ಕೇಳಿದಳು. ಪಾಠ ಇಮ್ಮಡಿ ಪುಲಿಕೇಶಿಯದು.

ಐಹೊಳೆಯ ಮೇಗುಟಿ ಜಿನಾಲಯದಲ್ಲಿ ಕ್ರಿ.ಶ. 634ರ ಶಾಸನವಿದೆ. ಬರೆದವನು ಕವಿ ರವಿಕೀರ್ತಿ. ಬನವಾಸಿ, ಗಂಗರು, ಆಳುಪರು, ಕೊಂಕಣದ ಮೌರ್ಯರು, ಲಾಟರು, ಮಾಳವರು, ಗುರ್ಜರರು, ಹರ್ಷ, ಕೋಸಲ, ಕಳಿಂಗ ಎಂದು ಪುಲಿಕೇಶಿಗೆ ಮಣಿದವರ ಪಟ್ಟಿ ಸಾಗುತ್ತದೆ. ಪಲ್ಲವ ದೊರೆ ಕಂಚಿಯ ಕೋಟೆಯೊಳಗೆ ಅಡಗಿದ ಅಂತಲೂ ಇದೆ.

ಪಲ್ಲವರ ಕೂರಂ ತಾಮ್ರಶಾಸನ ಬೇರೆಯೇ ಹೇಳುತ್ತೆ. ನರಸಿಂಹವರ್ಮ ಪರಿಯಳ, ಮಣಿಮಂಗಲ, ಶೂರಮಾರಗಳಲ್ಲಿ ಪುಲಿಕೇಶಿಯನ್ನು ಸೋಲಿಸಿ, ಓಡುತ್ತಿದ್ದವನ ಬೆನ್ನ ಮೇಲೆ ‘ವಿಜಯ’ ಎಂದು ಬರೆದನಂತೆ. ಆ ಮಣಿಮಂಗಲ ಇಲ್ಲೇ ತಾಂಬರಂ ಹತ್ತಿರದ ಊರು. ಸುಮಾರು 642ರಲ್ಲಿ ಬಾದಾಮಿಯೇ ಪಲ್ಲವರ ಕೈಸೇರಿತು. ರವಿಕೀರ್ತಿ ಬರೆಯುವಾಗ ಅದಿನ್ನೂ ಆಗಿರಲಿಲ್ಲ.

ಹೀಬ್ರೂ ಗ್ರಂಥದಲ್ಲೂ ಇಂಥದ್ದೇ ಪಟ್ಟಿ ಇದೆ. ಯೆಹೋಶುವ, ಅಂದರೆ ನಾವು ಹಜರತ್ ಯೂಷಾ ಬಿನ್ ನೂನ್ ಅನ್ನುವವರ ಹೆಸರಿನ ಪುಸ್ತಕದ 12ನೇ ಅಧ್ಯಾಯ. ಜೆರಿಕೋದ ರಾಜ ಒಬ್ಬ, ಜೆರುಸಲೇಮಿನ ರಾಜ ಒಬ್ಬ, ಗೆಜೆರಿನ ರಾಜ ಒಬ್ಬ ಎಂದು ಯೊರ್ದನ್ ನದಿಯ ಪಶ್ಚಿಮದ 31 ರಾಜರನ್ನು ಎಣಿಸುತ್ತದೆ. ಆದರೆ ಅದೇ ಪುಸ್ತಕದ 15, 16ನೇ ಅಧ್ಯಾಯಗಳಲ್ಲಿ ಜೆರುಸಲೇಮಿನ ಯೆಬೂಸಿಯರನ್ನೂ ಗೆಜೆರಿನ ಕಾನಾನ್ಯರನ್ನೂ ಹೊರಡಿಸಲಾಗಲಿಲ್ಲ, ಅವರು ಅಲ್ಲೇ ಉಳಿದರು ಎಂದಿದೆ. ರಾಜ ಬಿದ್ದ ಅಂದಮಾತ್ರಕ್ಕೆ ಊರು ಖಾಲಿ ಆಗಲಿಲ್ಲ.

ಇನ್ನೊಂದು ಸಂಗತಿ. ಈಜಿಪ್ಟಿನ ಫರೋ ಮೆರ್ನೆಪ್ತಾ ಕ್ರಿ.ಪೂ. ಸುಮಾರು 1208ರಲ್ಲಿ ತನ್ನ ಗೆಲುವುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ. ಅದರಲ್ಲೂ ಗೆಜೆರ್ ಇದೆ. ಇಸ್ರೇಲಿನ ಬೀಜವೇ ಉಳಿದಿಲ್ಲ ಅಂತಲೂ ಇದೆ! ಹಾಗೆ ಮುಗಿದುಹೋದರು ಎನಿಸಿಕೊಂಡ ಜನರೇ ಮುಂದೆ 31 ರಾಜರ ಪಟ್ಟಿ ಬರೆದರು.

ನಮ್ಮವರೇನೂ ಹೊರತಲ್ಲ. 1565ರ ಯುದ್ಧದ ಮೇಲೆ ಹಸನ್ ಶೌಕಿ ದಖನಿಯಲ್ಲಿ ಫತಹ್‌ನಾಮಾ ಬರೆದ. ಅದೂ ಗೆದ್ದವರ ಬರಹವೇ.

ಇಂಥ ಪಟ್ಟಿಗಳನ್ನು ಇವತ್ತು ಜಮೀನಿನ ಪಹಣಿಯ ಹಾಗೆ ತೋರಿಸಿ, “ನೀವು ಸೋತವರು, ಜಾಗ ಬಿಡಿ” ಅನ್ನುವವರಿದ್ದಾರೆ. ಅದಕ್ಕೇ ಆ ಹುಡುಗಿಗೆ ಹೇಳಿದೆ: ಪಟ್ಟಿ ಸಿಕ್ಕಿದಾಗ ಮೂರು ಕೇಳಮ್ಮ. ಯಾರು ಬರೆಸಿದರು? ಯಾವಾಗ? ಆಮೇಲೆ ಆ ಊರಲ್ಲಿ ಯಾರಿದ್ದರು?

ಅವಳು ನೋಟ್‌ಬುಕ್ಕಿನಲ್ಲಿ ಮೂರನೆಯದರ ಕೆಳಗೆ ಗೆರೆ ಎಳೆದಳು.