ಊಟದ ಮೇಜಿನ ಮೇಲೆ ಹುಟ್ಟಿದ ಕಂಪನಿ

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತ ಹೇಳುತ್ತ ನನ್ನ ತಲೆ ನರೆತಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧಗಳಿವೆ, ಒಪ್ಪಂದಗಳಿವೆ, ಕೈಗಾರಿಕಾ ಕ್ರಾಂತಿಯೂ ಇದೆ. ಮನೆಯೊಳಗಿದ್ದುಕೊಂಡೇ ಹೆಂಗಸರು ಕಟ್ಟಿದ ಉದ್ಯಮದ ಚರಿತ್ರೆ ಮಾತ್ರ ಇಲ್ಲ. ಹಾಗಾಗಿ ಪಠ್ಯದ ಹೊರಗಿನ ಒಂದು ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ. ಚೆನ್ನಾಗಿ ಓದಿ, ಮದುವೆಯಾಗಿ, ಮಗುವಾದ ಮೇಲೆ ಡಿಗ್ರಿ ಸರ್ಟಿಫಿಕೇಟನ್ನು ರೇಷ್ಮೆ ಸೀರೆಯ ಅಡಿಯಲ್ಲಿ ಎತ್ತಿಟ್ಟ ನನ್ನ ಎಷ್ಟೋ ಹಳೆಯ ವಿದ್ಯಾರ್ಥಿನಿಯರಿಗಾಗಿ ಇದು, ಸ್ಟೆಫಾನಿ ಶರ್ಲಿಯ ಕಥೆ.

ಆಕೆ ಹುಟ್ಟಿದ್ದು 1933ರಲ್ಲಿ, ಜರ್ಮನಿಯಲ್ಲಿ. ಯೆಹೂದಿಯಾಗಿದ್ದ ತಂದೆ ನ್ಯಾಯಾಧೀಶರು; ಹಿಟ್ಲರನ ಆಳ್ವಿಕೆಯಲ್ಲಿ ಆ ಹುದ್ದೆ ಹೋಯಿತು. 1939ರಲ್ಲಿ ಐದು ವರ್ಷದ ಈ ಮಗುವನ್ನೂ ಒಂಬತ್ತು ವರ್ಷದ ಅಕ್ಕನನ್ನೂ ಹೆತ್ತವರು ಇಂಗ್ಲೆಂಡಿಗೆ ಮಕ್ಕಳನ್ನು ಸಾಗಿಸುತ್ತಿದ್ದ ರೈಲು ಹತ್ತಿಸಿದರು. ಅಲ್ಲಿ ಗುರುತು ಪರಿಚಯವಿಲ್ಲದ ದಂಪತಿಗಳು ಅವರನ್ನು ಸಾಕಿದರು. ಹುಡುಗಿಗೆ ಗಣಿತವೆಂದರೆ ಪ್ರಾಣ. ಆದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆಗೆ ಬೇಕಾದಷ್ಟು ಗಣಿತ ಹೇಳಿಕೊಡುವ ಏರ್ಪಾಡಿರಲಿಲ್ಲ. ಗಂಡುಹುಡುಗರ ಶಾಲೆಗೆ ಹೋಗಿ ಕಲಿತಳು. ಮುಂದೆ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ದುಡಿಯುತ್ತಲೇ, ಆರು ವರ್ಷ ಸಂಜೆ ತರಗತಿಗೆ ಹೋಗಿ ಗಣಿತದ ಪದವಿ ಪಡೆದಳು.

ಕೆಲಸದ ಜಾಗದಲ್ಲಿ ಎಷ್ಟು ಬುದ್ಧಿಯಿದ್ದರೂ ಹೆಣ್ಣಿಗೆ ಒಂದು ಮೆಟ್ಟಿಲಿನಾಚೆ ಹತ್ತಲು ಬಿಡುವುದಿಲ್ಲವೆಂದು ಆಕೆಗೆ ಬೇಗನೆ ತಿಳಿಯಿತು. 1962ರಲ್ಲಿ, ಕೇವಲ ಆರು ಪೌಂಡ್ ಬಂಡವಾಳದಿಂದ, ಮನೆಯ ಊಟದ ಮೇಜಿನ ಮೇಲೆ 'ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್' ಎಂಬ ಕಂಪನಿ ಶುರು ಮಾಡಿದರು. ಬೇರೆ ಕಂಪನಿಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವುದು, ಸಲಹೆ ಕೊಡುವುದು ಅದರ ಕೆಲಸ. ಜನ ನಕ್ಕರು. ಆ ಕಾಲಕ್ಕೆ ಕಂಪ್ಯೂಟರ್ ಕೊಂಡರೆ ಸಾಫ್ಟ್‌ವೇರ್ ಪುಕ್ಕಟೆ ಬರುತ್ತಿತ್ತು. ಅದನ್ನು ದುಡ್ಡು ಕೊಟ್ಟು, ಅದೂ ಹೆಂಗಸೊಬ್ಬಳಿಂದ, ಯಾರು ಕೊಳ್ಳುತ್ತಾರೆ? ಬರೆದ ಪತ್ರಗಳಿಗೆ ಉತ್ತರವೇ ಬರಲಿಲ್ಲ. 'ಸ್ಟೀವ್' ಎಂದು ಗಂಡು ಹೆಸರಿನಲ್ಲಿ ರುಜು ಹಾಕಿ ನೋಡು ಎಂದರು ಪತಿ ಡೆರೆಕ್. ಹಾಕಿದರು, ಉತ್ತರಗಳು ಬರತೊಡಗಿದವು! ವಿದ್ಯೆ ಅದೇ, ಕಾಗದ ಅದೇ, ಬದಲಾದದ್ದು ರುಜು ಮಾತ್ರ. ಆಕೆ ಕಡೆಯವರೆಗೂ ಸ್ಟೀವ್ ಎಂದೇ ಪ್ರಸಿದ್ಧರಾದರು.

ಕೆಲಸಕ್ಕೆ ಯಾರನ್ನು ಸೇರಿಸಿಕೊಂಡರು ಗೊತ್ತೇ? ಮದುವೆಗಾಗಿಯೋ ಬಾಣಂತನಕ್ಕಾಗಿಯೋ ಕೆಲಸ ಬಿಟ್ಟ ಹೆಂಗಸರನ್ನು. ಮೊದಲ 300 ಮಂದಿಯಲ್ಲಿ 297 ಜನ ಹೆಂಗಸರೇ. ಮನೆಯಲ್ಲಿ ಟೆಲಿಫೋನ್ ಇದೆಯೇ ಎಂಬುದು ಕೆಲಸಕ್ಕೆ ಬಂದವರಿಗೆ ಕೇಳುತ್ತಿದ್ದ ಒಂದು ಮುಖ್ಯ ಪ್ರಶ್ನೆ. ಇಂಟರ್ನೆಟ್ ಇಲ್ಲ, ಮನೆಯಲ್ಲಿ ಕಂಪ್ಯೂಟರೂ ಇಲ್ಲ. ಪೆನ್ಸಿಲ್ ಹಿಡಿದು ಕಾಗದದ ಮೇಲೆ ಪ್ರೋಗ್ರಾಂ ಬರೆದು ಅಂಚೆಗೆ ಹಾಕುವುದು. ದೂರದ ಕಚೇರಿಯಲ್ಲಿ ಅದನ್ನು ಕಾರ್ಡಿನ ಮೇಲೋ ಕಾಗದದ ಪಟ್ಟಿಯ ಮೇಲೋ ತೂತು ಹೊಡೆದು, ತಪ್ಪಿಲ್ಲವೆಂದು ಖಾತ್ರಿಯಾಗಲು ಇನ್ನೊಮ್ಮೆ ಹೊಡೆದು, ಆಮೇಲೆ ಯಂತ್ರಕ್ಕೆ ಉಣಿಸುತ್ತಿದ್ದರು. ಗಿರಾಕಿಗಳ ಫೋನ್ ಬಂದಾಗ ಮಗುವಿನ ಅಳು ಕೇಳಿಸದಿರಲೆಂದು ಶರ್ಲಿಯವರು ಟೈಪ್‌ರೈಟರ್ ಸದ್ದಿನ ಟೇಪನ್ನು ಹಿನ್ನೆಲೆಯಲ್ಲಿ ಹಾಕುತ್ತಿದ್ದರಂತೆ. ಓದಿ ನಗು ಬಂತು, ಒಳಗೆಲ್ಲೋ ಚುಚ್ಚಿತು ಕೂಡ. ದುಡಿಯುವ ಹೆಣ್ಣು ಎಂದಿನಿಂದಲೂ ತನ್ನ ಮನೆಯ ಸದ್ದನ್ನು ಮುಚ್ಚಿಟ್ಟೇ ದುಡಿದಿದ್ದಾಳೆ.

ಆದರೆ ಕೆಲಸದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಂ ಬರೆದವರು ಮನೆಮನೆಯಲ್ಲಿ ಕೂತ ಈ ತಾಯಂದಿರೇ. ಗೂಡ್ಸ್ ರೈಲುಗಳ, ಬಸ್ಸುಗಳ ವೇಳಾಪಟ್ಟಿಗೂ ಅವರ ಲೆಕ್ಕ ಬೇಕಾಯಿತು. ಎಷ್ಟು ಗಂಟೆ ಕುರ್ಚಿಯಲ್ಲಿ ಕೂತರೆಂದು ಯಾರೂ ಎಣಿಸಲಿಲ್ಲ. ಒಪ್ಪಿಕೊಂಡ ಕೆಲಸ ಮುಗಿಯಿತೇ ಎಂದು ನೋಡಿದರು. ಬೇರೆಲ್ಲೂ ಅಪರೂಪವಾಗಿದ್ದ ಕಾಲದಲ್ಲೇ ಒಂದು ಹುದ್ದೆಯನ್ನು ಇಬ್ಬರು ಹಂಚಿಕೊಳ್ಳುವ, ಲಾಭದಲ್ಲಿ ಪಾಲು ಕೊಡುವ ಪದ್ಧತಿಗಳು ಅಲ್ಲಿ ಬಂದವು. 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗಭೇದವನ್ನು ತಡೆಯುವ ಕಾನೂನು ಬಂದಾಗ ತಮಾಷೆಯೊಂದು ನಡೆಯಿತು: ಹೆಂಗಸರಿಗೇ ಮೊದಲ ಮಣೆ ಹಾಕುವುದು ಕಾನೂನುಬಾಹಿರವಾಗಿ, ಈ ಕಂಪನಿ ಗಂಡಸರಿಗೂ ಬಾಗಿಲು ತೆರೆಯಬೇಕಾಯಿತು.

ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು. 1963ರಲ್ಲಿ ಹುಟ್ಟಿದ ಒಬ್ಬನೇ ಮಗ ಜೈಲ್ಸ್‌ಗೆ ತೀವ್ರವಾದ ಆಟಿಸಂ ಇತ್ತು. ಕಲಿತಿದ್ದ ಮಾತೂ ನಿಂತುಹೋಯಿತು. ಅವನನ್ನು ನೋಡಿಕೊಳ್ಳುತ್ತ, ಕಂಪನಿ ನಡೆಸುತ್ತ ತಾಯಿಯೇ ಒಮ್ಮೆ ಕುಸಿದು ಆಸ್ಪತ್ರೆ ಸೇರಿದರು. ಮಗ 35ನೆಯ ವಯಸ್ಸಿನಲ್ಲಿ ತೀರಿಕೊಂಡ. ಆದ್ದರಿಂದ ಮನೆಯಿಂದ ದುಡಿಯುವುದೇ ಎಲ್ಲಕ್ಕೂ ಪರಿಹಾರವೆಂದು ನಾನು ಹೇಳಲಾರೆ. ಅಲ್ಲಿಯೂ ಒಲೆ, ತೊಟ್ಟಿಲು, ಲೆಕ್ಕ ಮೂರೂ ಹೆಚ್ಚಾಗಿ ಒಬ್ಬಳದೇ ಪಾಲಿಗೆ ಬರುತ್ತಿದ್ದವು. 2020ರ ಲಾಕ್‌ಡೌನಿನಲ್ಲಿ ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಮನೆಗೆ ಬಂದಾಗ, ಒಂದು ಕಣ್ಣು ಕುಕ್ಕರಿನ ಮೇಲೂ ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೂ ಇಟ್ಟ ಸೊಸೆಯಂದಿರನ್ನು ನಾವೆಲ್ಲ ಕಂಡಿದ್ದೇವಲ್ಲ.

ನನಗೆ ಈ ಚರಿತ್ರೆಯಲ್ಲಿ ದೊಡ್ಡದೆನಿಸುವುದು ಮುಂದಿನ ಸಂಗತಿ. ಕಂಪನಿ ಬೆಳೆದ ಮೇಲೆ ಶರ್ಲಿಯವರು ತಮ್ಮ ಷೇರುಗಳಲ್ಲಿ ದೊಡ್ಡ ಪಾಲನ್ನು ನೌಕರರ ಕೈಗೇ ದಾಟಿಸಿದರು. 1996ರಲ್ಲಿ ಅದು ಲಂಡನ್ ಷೇರುಪೇಟೆಗೆ ಬಂತು. ಸಿಬ್ಬಂದಿಯಲ್ಲಿ 70 ಮಂದಿ ಹತ್ತು ಲಕ್ಷ ಪೌಂಡಿಗೂ ಮೇಲ್ಪಟ್ಟ ಆಸ್ತಿಯ ಒಡೆಯರಾದರು. ತಮಗೆ ಬಂದ ಹಣದ ಬಹುಭಾಗವನ್ನು ಆಟಿಸಂ ಇರುವ ಮಕ್ಕಳ ಶಾಲೆಗೆ, ಆಟಿಸಂ ಸಂಶೋಧನೆಗೆ ಕೊಟ್ಟರು. 2001ರಲ್ಲಿ ಹುಟ್ಟಿದ ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟಿಗೂ ಮೂಲಧನ ಅವರದೇ. ಅಲ್ಲಿ ಓದುವುದು ಯಂತ್ರವನ್ನಲ್ಲ, ಆ ಯಂತ್ರ ಸಮಾಜಕ್ಕೆ ಏನು ಮಾಡುತ್ತಿದೆ ಎಂಬುದನ್ನು. 2025ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ವಯಸ್ಸು 91.

ನಮ್ಮ ಊರುಗಳಲ್ಲೂ ಈಗ ನಾಲ್ಕಾರು ಹುಡುಗಿಯರು ಸೇರಿ ಅಂಗಡಿಗೆ, ಸೊಸೈಟಿಗೆ, ಶಾಲೆಗೆ ವೆಬ್‌ಸೈಟ್ ಮಾಡಿಕೊಡಬಹುದು. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಬೇಕಾದ್ದು ನಂಬಿಕೆ. ಕೆಲಸ ಕೊಡುವವರು "ನಡುವೆ ಆರು ವರ್ಷ ಏನು ಮಾಡುತ್ತಿದ್ದಿರಿ?" ಎಂದು ಹುಬ್ಬೇರಿಸುವುದನ್ನು ಬಿಟ್ಟು, "ಏನು ಮಾಡಬಲ್ಲಿರಿ?" ಎಂದು ಕೇಳಬೇಕು. ಮತ್ತೆ ಮನೆಯವರು, ಅವಳು ಮೇಜಿನ ಮುಂದೆ ಕೂತಿರುವ ಆ ಎರಡು ಗಂಟೆ, ಕಾಫಿಯನ್ನು ತಾವೇ ಮಾಡಿಕೊಳ್ಳಬೇಕು.