ಅಂತರಕ್ಕೂ ಒಂದು ಅವಧಿಯಿದೆ

ಸಲಾಮ್ ಹೇಳಿ ಕೈಕುಲುಕುವುದು, ನಮಾಝ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು, ಈದ್ ದಿನ ಅಪ್ಪಿಕೊಳ್ಳುವುದು ಮುಸ್ಲಿಮರಿಗೆ ಸಹಜ. ಜಪಾನಿಯರು ದೂರದಿಂದಲೇ ತಲೆಬಾಗುತ್ತಾರೆ. ಫ್ರೆಂಚರು ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಯಾರು ಎಷ್ಟು ಹತ್ತಿರ ಬರಬಹುದೆಂಬುದನ್ನು ಆಯಾ ಸಂಸ್ಕೃತಿ ನಿರ್ಧರಿಸುತ್ತದೆ. ಸಾಂಕ್ರಾಮಿಕ ರೋಗವು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ.

ಕ್ರಿ.ಶ. 639ರ ಸುಮಾರಿಗೆ ಸಿರಿಯಾ ಪ್ರಾಂತ್ಯದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿತು. ಅತ್ತ ಹೊರಟಿದ್ದ ಖಲೀಫಾ ಉಮರ್(ರ) ಸುದ್ದಿ ತಿಳಿದು ದಾರಿಯಲ್ಲೇ ಸಮಾಲೋಚನೆ ನಡೆಸಿದರು. ಪ್ಲೇಗ್ ಇರುವ ಊರಿಗೆ ಹೋಗಬಾರದು, ಅಲ್ಲಿರುವವರು ಅದರಿಂದ ಪಲಾಯನ ಮಾಡಬಾರದು ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಸಂಗಾತಿಯೊಬ್ಬರು ನೆನಪಿಸಿದರು. ಖಲೀಫಾ ಹಿಂದಿರುಗಿದರು. ಸೇನಾನಿ ಅಬೂ ಉಬೈದಾ(ರ) ಆ ರೋಗಕ್ಕೆ ಬಲಿಯಾದರು. ಬಳಿಕ ಹೊಣೆ ಹೊತ್ತ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಿಗೆ ಚದುರಿಸಿದರು. ಒಗ್ಗಟ್ಟೇ ಬಲವಾಗಿದ್ದ ಸಮುದಾಯ ಜೀವ ಉಳಿಸಲು ಚದುರಿ ನಿಂತಿತು.

1897ರ ಪುಣೆಯಲ್ಲಿ ನಡೆದದ್ದೇ ಬೇರೆ. ಪ್ಲೇಗ್ ತಡೆಯಲೆಂದು ಬ್ರಿಟಿಷ್ ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದರು. ರೋಗಿಗಳನ್ನೂ ಅವರ ಸಂಪರ್ಕದಲ್ಲಿದ್ದವರನ್ನೂ ಮನೆಯಿಂದ ಬೇರ್ಪಡಿಸಿದರು. ಪರಪುರುಷರು ಹೆಂಗಸರ ಮೈ ತಪಾಸಣೆ ಮಾಡುತ್ತಾರೆಂಬುದು ಹಿಂದೂ-ಮುಸ್ಲಿಮರಿಬ್ಬರನ್ನೂ ಕೆರಳಿಸಿತು. ಪ್ಲೇಗ್ ಅಧಿಕಾರಿ ರ‍್ಯಾಂಡ್ ಜೂನ್ 22ರಂದು ಚಾಪೇಕರ್ ಸಹೋದರರ ಗುಂಡೇಟಿಗೆ ಗುರಿಯಾಗಿ ನಂತರ ಸತ್ತ. ವಿಪರ್ಯಾಸವೆಂದರೆ, ಮರುವರ್ಷ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಇಲಿಗಳ ಮೇಲಿನ ಚಿಗಟಗಳೇ ಈ ರೋಗವನ್ನು ಹರಡುತ್ತವೆಂದು ಕಂಡುಕೊಂಡ.

2020ರಲ್ಲಿ ಕೊರೋನಾ ಬಂದಾಗ ಮಸೀದಿಗಳ ಸಫ್‌ಗಳಲ್ಲಿ ಅಂತರ ಮೂಡಿತು. ಆ ವರ್ಷದ ಹಜ್ಜ್ ಸೌದಿಯಲ್ಲೇ ಇದ್ದ ಕೆಲವೇ ಜನರಿಗೆ ಸೀಮಿತವಾಯಿತು. ಕಅಬಾವನ್ನು ಮುಟ್ಟುವುದಕ್ಕೂ ನಿಷೇಧವಿತ್ತು. 2021ರ ಅಕ್ಟೋಬರ್‌ನಲ್ಲಿ ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ ಭುಜಗಳು ಮತ್ತೆ ಕೂಡಿದವು. 2022ರ ಆಗಸ್ಟ್‌ನಲ್ಲಿ ಕಅಬಾದ ಸುತ್ತಲಿನ ತಡೆಬೇಲಿಯೂ ಹೋಯಿತು.

ಅಂದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು 'ಸಾಮಾಜಿಕ ಅಂತರ'. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ 'ದೈಹಿಕ ಅಂತರ' ಎನ್ನತೊಡಗಿತ್ತು. ಭಾರತದಲ್ಲಿ ಇದು ಬರೀ ಶಬ್ದದ ವ್ಯತ್ಯಾಸವಲ್ಲ. ಇಲ್ಲಿ ಸಾಮಾಜಿಕ ಅಂತರವನ್ನು ಯಾವ ರೋಗವೂ ಕಲಿಸಬೇಕಿರಲಿಲ್ಲ. ಕೇರಿ, ಬಾವಿ, ಚಹಾದ ಲೋಟಗಳಲ್ಲಿ ಜಾತಿ ಅದನ್ನು ಶತಮಾನಗಳಿಂದ ಪಾಲಿಸಿಕೊಂಡು ಬಂದಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದ್ದರೂ ಅದು ಪೂರ್ತಿ ಅಳಿದಿಲ್ಲ.

ಪರರ ಜೀವ ಉಳಿಸಲು ದೂರ ನಿಲ್ಲುವವನು ಹತ್ತಿರ ಬರುವ ದಿನಕ್ಕಾಗಿ ಕಾಯುತ್ತಾನೆ. ಅಸ್ಪೃಶ್ಯತೆಗೆ ಅಂತಹ ದಿನವೇ ಇಲ್ಲ. ಕಾಯಿಲೆ ತಂದ ಅಂತರ ಹೋಯಿತೆಂದು ನೆಮ್ಮದಿಪಟ್ಟ ನಾವು, ಕಾಯಿಲೆಯಿಲ್ಲದೆಯೂ ಉಳಿದಿರುವ ಅಂತರದ ಬಗ್ಗೆ ಯೋಚಿಸಬೇಡವೇ?