ಐಡಾ ಸ್ಕಡರ್

ಐಡಾ ಸೋಫಿಯಾ ಸ್ಕಡರ್ (ಜನನ: ೯ ಡಿಸೆಂಬರ್ ೧೮೭೦, ಮರಣ: ಮೇ ೧೯೬೦) ಅಮೆರಿಕದ ವೈದ್ಯೆ ಹಾಗೂ ಕ್ರೈಸ್ತ ಮಿಷನರಿ. ತಮಿಳುನಾಡಿನ ವೆಲ್ಲೂರಿನಲ್ಲಿರುವ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆಯ ಸಂಸ್ಥಾಪಕಿ. ದೇವರು ಮನುಷ್ಯನನ್ನು ಅವನ ಅನುಕೂಲದ ನೆಲೆಯಿಂದ ಎಬ್ಬಿಸಿ ಒಂದು ಕಾರ್ಯಕ್ಕೆ ನಿಯೋಜಿಸುತ್ತಾನೆಂಬ ನಂಬಿಕೆಯನ್ನು ಕ್ರೈಸ್ತರು ‘ದೈವಕರೆ’ ಎನ್ನುತ್ತಾರೆ. ಇದಕ್ಕೆ ನಿದರ್ಶನವಾಗಿ ಐಡಾ ಅವರ ಜೀವನವನ್ನು ಸಾಮಾನ್ಯವಾಗಿ ಉದಾಹರಿಸಲಾಗುತ್ತದೆ. ಹಾಗೆ ಹೇಳುವವರು ೧೮೯೦ರ ದಶಕದ ಆರಂಭದ ಒಂದು ರಾತ್ರಿಯ ಘಟನೆಗೇ ನಿಂತುಬಿಡುವುದುಂಟು. ವಾಸ್ತವದಲ್ಲಿ ಅವರು ತಮಗೆ ಒಗ್ಗಿಹೋದ ನೆಲೆಯನ್ನು ಬಿಟ್ಟುಕೊಡಬೇಕಾಗಿ ಬಂದದ್ದು ಒಂದು ಬಾರಿಯಲ್ಲ.

ಮನೆತನ ಮತ್ತು ಬಾಲ್ಯ

ಐಡಾ ಜನಿಸಿದ್ದು ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ತಾತ ಡಾ. ಜಾನ್ ಸ್ಕಡರ್ ೧೮೧೯ರಲ್ಲಿ ಅಮೆರಿಕದಿಂದ ಸಿಂಹಳಕ್ಕೆ ಹೊರಟು, ಮುಂದೆ ಮದರಾಸಿನಲ್ಲಿ ನೆಲೆಸಿದ ವೈದ್ಯ ಮಿಷನರಿ. ಅವರ ಮಕ್ಕಳೂ ಮೊಮ್ಮಕ್ಕಳೂ ಅದೇ ಹಾದಿ ಹಿಡಿದರು. ಐಡಾ ಅವರ ತಂದೆಯೂ ವೈದ್ಯರೇ. ೧೮೭೬–೭೮ರ ಮಹಾಕ್ಷಾಮದಲ್ಲಿ ಹಸಿದ ಮಕ್ಕಳಿಗೆ ತುತ್ತು ಹಂಚಿದ ನೆನಪು ಈ ಬಾಲಕಿಯ ಮನಸ್ಸಿನಲ್ಲಿ ಉಳಿದಿತ್ತು. ಅದು ಸೇವೆಯ ಹಂಬಲವನ್ನು ಹುಟ್ಟಿಸಲಿಲ್ಲ; ಈ ದೇಶದಿಂದ ದೂರವಿರಬೇಕೆಂಬ ಬಯಕೆಯನ್ನೇ ಬಲಪಡಿಸಿತು. ತಂದೆತಾಯಿಗಳು ಭಾರತಕ್ಕೆ ಮರಳಿದಾಗ ಅಮೆರಿಕದ ಬಂಧುಗಳ ಮನೆಯಲ್ಲಿ ಉಳಿಯಬೇಕಾಗಿ ಬಂದ ಒಂಟಿತನವೂ ಇದಕ್ಕೆ ಸೇರಿತು. ಮ್ಯಾಸಚೂಸೆಟ್ಸ್‌ನ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದುತ್ತಿದ್ದಾಗ, ಸ್ಕಡರ್ ಮನೆತನದಲ್ಲಿ ತಾನೊಬ್ಬಳಾದರೂ ಮಿಷನರಿಯಾಗುವುದಿಲ್ಲವೆಂದು ಅವರು ನಿಶ್ಚಯಿಸಿದ್ದರು.

ಮೂರು ಕರೆಗಳ ರಾತ್ರಿ

೧೮೯೦ರಲ್ಲಿ ತಾಯಿಯ ಅನಾರೋಗ್ಯದ ಕಾರಣ ಐಡಾ ತಿಂಡಿವನಕ್ಕೆ ಬಂದರು. ಸ್ವಲ್ಪ ಕಾಲವಿದ್ದು ಹಿಂತಿರುಗುವುದು ಅವರ ಉದ್ದೇಶವಾಗಿತ್ತು. ಅಲ್ಲಿದ್ದಾಗ ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬ ಬಂದು, ಹೆರಿಗೆಯಲ್ಲಿ ಕಷ್ಟಪಡುತ್ತಿರುವ ತನ್ನ ಎಳೆಯ ಹೆಂಡತಿಗೆ ನೆರವಾಗಬೇಕೆಂದು ಬೇಡಿದನು. ತಾನು ವೈದ್ಯಳಲ್ಲ, ತಂದೆಯನ್ನು ಕರೆದೊಯ್ಯಿರೆಂದು ಐಡಾ ಹೇಳಿದರು. ಪರಪುರುಷನು ತನ್ನ ಹೆಂಡತಿಯನ್ನು ನೋಡುವುದು ಸಲ್ಲದೆಂದು ಆತ ಹಿಂತಿರುಗಿದನು. ಅದೇ ರಾತ್ರಿ ಒಬ್ಬ ಮುಸ್ಲಿಂ ಗೃಹಸ್ಥ, ಬಳಿಕ ಮೇಲುಜಾತಿಯ ಇನ್ನೊಬ್ಬ ಹಿಂದೂ ಇಂಥದೇ ಬೇಡಿಕೆಯೊಡನೆ ಬಂದು, ತಂದೆಯ ನೆರವನ್ನು ಒಲ್ಲದೆ ಮರಳಿದರು. ಬೆಳಗಾಗುವ ಹೊತ್ತಿಗೆ ಬೀದಿಯಲ್ಲಿ ಸಾವಿನ ತಮಟೆ ಕೇಳಿಸಿತು. ವಿಚಾರಿಸಿದಾಗ ಮೂವರು ಹೆಂಗಸರೂ ತೀರಿಕೊಂಡಿದ್ದರು. ವೈದ್ಯಕೀಯ ಓದಿ ಹಿಂತಿರುಗುವುದಾಗಿ ಐಡಾ ತಂದೆತಾಯಿಗಳಿಗೆ ತಿಳಿಸಿದರು.

ಈ ಪ್ರಸಂಗ ನಮಗೆ ತಿಳಿದಿರುವುದು ಐಡಾ ಅವರ ಬಾಯಿಂದ. ಸಭೆಗಳಲ್ಲಿ ಅವರು ಇದನ್ನು ಹಲವು ಬಾರಿ ಹೇಳಿದರು. ಕೇಳಿದವರು ಬೈಬಲಿನಲ್ಲಿ ಬಾಲಕ ಸಮುವೇಲನಿಗೆ ರಾತ್ರಿಯಲ್ಲಿ ಮತ್ತೆ ಮತ್ತೆ ಬಂದ ಕರೆಯನ್ನು ನೆನೆಯುವುದು ಸಹಜ. ಆದರೆ ಮಡಿದ ಮೂವರ ಹೆಸರು ಯಾರಿಗೂ ತಿಳಿಯದು. ಅವರನ್ನು ಕೊಂದದ್ದು ಸಂಪ್ರದಾಯ ಮಾತ್ರವೆನ್ನುವುದೂ ಅರ್ಧಸತ್ಯ. ಹೆಣ್ಣು ವೈದ್ಯೆಯೊಬ್ಬಳು ಸಮೀಪದಲ್ಲಿದ್ದಿದ್ದರೆ ಮೂರೂ ಮನೆಯವರು ಕರೆದೊಯ್ಯಲು ಸಿದ್ಧರಿದ್ದರೆಂಬುದನ್ನು ಮರೆಯಬಾರದು. ಕೊರತೆಯಿದ್ದದ್ದು ವೈದ್ಯೆಯರಿಗೆ.

ವೈದ್ಯಕೀಯ ಶಿಕ್ಷಣ ಮತ್ತು ವೆಲ್ಲೂರು

೧೮೯೫ರಲ್ಲಿ ಐಡಾ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. ಆನಂದಿಬಾಯಿ ಜೋಶಿ ೧೮೮೬ರಲ್ಲಿ ಪದವಿ ಪಡೆದದ್ದೂ ಇದೇ ಕಾಲೇಜಿನಿಂದ. ಮುಂದೆ ಕಾರ್ನೆಲ್ ವೈದ್ಯಕೀಯ ಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆದಾಗ ಅಲ್ಲಿಗೆ ವರ್ಗವಾಗಿ, ೧೮೯೯ರಲ್ಲಿ ಪದವೀಧರೆಯಾದರು. ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕರರು ತಮ್ಮ ದಿವಂಗತ ಪತ್ನಿಯ ನೆನಪಿಗೆ ಆಸ್ಪತ್ರೆ ಕಟ್ಟಲು ೧೦,೦೦೦ ಡಾಲರು ನೀಡಿದರು.

೧೯೦೦ರ ಆರಂಭದಲ್ಲಿ ಅವರು ವೆಲ್ಲೂರಿಗೆ ಬಂದರು. ತಂದೆಯ ಕೈಕೆಳಗೆ ಅನುಭವ ಗಳಿಸುವ ಯೋಜನೆಯಿತ್ತು. ಅದೇ ವರ್ಷ ತಂದೆ ತೀರಿಕೊಂಡರು. ಬಂಗಲೆಯ ಚಿಕ್ಕ ಕೋಣೆಯೊಂದು ಔಷಧಾಲಯವಾಯಿತು. ಯುವತಿಯೊಬ್ಬಳ ಚಿಕಿತ್ಸೆಯನ್ನು ಜನ ಮೊದಲು ನಂಬಲಿಲ್ಲ. ನಂಬಿಕೆ ಬಂದ ಮೇಲೆ ಕೋಣೆ ಸಾಲದಾಯಿತು. ೧೯೦೨ರಲ್ಲಿ ೪೦ ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ಆರಂಭವಾಯಿತು. ಪಟ್ಟಣಕ್ಕೆ ಬರಲಾರದ ರೋಗಿಗಳಿಗಾಗಿ ಅವರು ಗುಡಿಯಾತ್ತಂ ದಾರಿಯಲ್ಲಿ ವಾರಕ್ಕೊಮ್ಮೆ, ಮೊದಲು ಗಾಡಿಯಲ್ಲಿ, ಆಮೇಲೆ ಮೋಟಾರು ಕಾರಿನಲ್ಲಿ ಹೋಗಿ ಮರದ ನೆರಳಿನಲ್ಲಿ ಚಿಕಿತ್ಸೆ ನೀಡುತ್ತಿದ್ದರು.

ಕಲಿಸುವ ನಿರ್ಧಾರ

ಒಬ್ಬ ವೈದ್ಯೆ ಎಷ್ಟು ದುಡಿದರೂ ಆ ರಾತ್ರಿಯಂಥ ರಾತ್ರಿಗಳು ಪ್ರತಿ ಊರಲ್ಲೂ ಮರುಕಳಿಸುತ್ತಲೇ ಇರುತ್ತವೆಂಬುದು ಐಡಾ ಅವರಿಗೆ ಕ್ರಮೇಣ ಮನವರಿಕೆಯಾಯಿತು. ತಾನು ಚೆನ್ನಾಗಿ ಬಲ್ಲ ಕೆಲಸದ ಬಹುಪಾಲನ್ನು ಬದಿಗಿಟ್ಟು, ತನಗೆ ಅಭ್ಯಾಸವಿಲ್ಲದ ಅಧ್ಯಾಪನ, ಆಡಳಿತ, ಹಣಸಂಗ್ರಹಗಳಿಗೆ ಕೈಹಾಕುವುದು ಅಮೆರಿಕವನ್ನು ಬಿಟ್ಟುಬಂದದ್ದಕ್ಕಿಂತ ಸುಲಭವಾಗಿತ್ತೆಂದು ಹೇಳಲಾಗದು. ೧೯೦೯ರಲ್ಲಿ ದಾದಿಯರ ತರಬೇತಿ ಶಾಲೆ, ೧೯೧೮ರಲ್ಲಿ ಮಹಿಳಾ ವೈದ್ಯಕೀಯ ಶಾಲೆ ಪ್ರಾರಂಭವಾದವು. ಮೂವರು ಅರ್ಜಿ ಹಾಕಿದರೂ ಭಾಗ್ಯವೇ ಎಂಬುದು ಮದರಾಸು ಪ್ರಾಂತದ ಸರ್ಜನ್ ಜನರಲ್ ಕರ್ನಲ್ ಬ್ರೈಸನ್ನರ ಅಭಿಪ್ರಾಯವಾಗಿತ್ತು. ಬಂದ ಅರ್ಜಿಗಳು ೧೫೧. ಮೊದಲ ತಂಡದ ೧೪ ವಿದ್ಯಾರ್ಥಿನಿಯರು ೧೯೨೨ರಲ್ಲಿ ಶಿಕ್ಷಣ ಮುಗಿಸಿ ಹೊರಬಂದರು.

ಬಾಗಿಲು ಗಂಡಸರಿಗೂ

೧೯೩೦ರ ದಶಕದ ಅಂತ್ಯದಲ್ಲಿ ಸರ್ಕಾರ ಎಲ್.ಎಂ.ಪಿ. ಶಿಕ್ಷಣಕ್ಕೆ ಮನ್ನಣೆ ನಿಲ್ಲಿಸಿ, ವಿಶ್ವವಿದ್ಯಾನಿಲಯದ ಎಂ.ಬಿ.ಬಿ.ಎಸ್. ಮಟ್ಟವನ್ನು ಕಡ್ಡಾಯಗೊಳಿಸಿತು. ಅದಕ್ಕೆ ಬೇಕಾದ ಹಣ, ಸಿಬ್ಬಂದಿ ಮಹಿಳಾ ಸಂಸ್ಥೆಯೊಂದರ ಶಕ್ತಿಗೆ ಮೀರಿದ್ದವು. ಪುರುಷರಿಗೂ ಪ್ರವೇಶ ನೀಡಿದರೆ ಇತರ ಮಿಷನ್ನುಗಳ ನೆರವು ಸಿಗುತ್ತಿತ್ತು. ಹೆಂಗಸರಿಗಾಗಿಯೇ ಕಟ್ಟಿದ ಸಂಸ್ಥೆಯನ್ನು ಹಾಗೆ ಮಾರ್ಪಡಿಸಬಹುದೇ? ಅಮೆರಿಕದಲ್ಲಿ ವೆಲ್ಲೂರಿಗಾಗಿ ಬಹಳ ಹಣ ಕೂಡಿಸಿದ್ದ ಲೂಸಿ ಪೀಬಡಿ ಇದನ್ನು ಕಟುವಾಗಿ ವಿರೋಧಿಸಿದರು. ಹಳೆಯ ಸ್ನೇಹ ಮುರಿಯಿತು. ಪೀಬಡಿಯವರ ಆತಂಕವನ್ನು ಹಠವೆಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ದಾನಿಗಳು ಹಣ ಕೊಟ್ಟದ್ದು ಸ್ತ್ರೀಶಿಕ್ಷಣಕ್ಕೆ. ಎಪ್ಪತ್ತು ದಾಟಿದ್ದ ಐಡಾ ಸಹಶಿಕ್ಷಣದ ಪಕ್ಷ ವಹಿಸಿ, ಮತ್ತೆ ಅಮೆರಿಕದ ಊರೂರು ಸುತ್ತಿ ಹಣ ಕೂಡಿಸಿದರು. ೧೯೪೦ರ ದಶಕದಲ್ಲಿ ಕಾಲೇಜು ಪುರುಷರಿಗೂ ತೆರೆಯಿತು. ನಿರ್ದೇಶಕ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಡಾ. ಹಿಲ್ಡಾ ಲಾಜರಸ್.

ಕಾಲೇಜಿನ ಧ್ಯೇಯವಾಕ್ಯವನ್ನು ಸುವಾರ್ತೆಯಿಂದ ಆರಿಸಲಾಗಿದೆ. ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಮಾಡುವುದಕ್ಕೆ ಎಂಬುದು ಅದರ ಆಶಯ. ಕುಷ್ಠರೋಗಿಗಳ ಕೈಗಳ ಪುನಾರಚನಾ ಶಸ್ತ್ರಚಿಕಿತ್ಸೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಮೊದಲ ಪ್ರಯೋಗಗಳನ್ನು ನಡೆಸಿದ್ದು ಇಲ್ಲಿಯೇ. ಗಡಿಯಾಚೆಯ ಕೋಲಾರದ ಕಡೆಯಿಂದಲೂ ರೋಗಿಗಳು ಈ ಆಸ್ಪತ್ರೆಗೆ ಹೋಗುವುದುಂಟು.

ಕೊನೆಯ ದಿನಗಳು

ನಿವೃತ್ತಿಯ ನಂತರ ಐಡಾ ಕೊಡೈಕೆನಾಲಿನ ಮನೆಯಲ್ಲಿ ವಾಸಿಸಿದರು. ಅವಿವಾಹಿತರಾಗಿಯೇ ಉಳಿದಿದ್ದರು. ‘ಡಾ. ಐಡಾ, ಇಂಡಿಯಾ’ ಎಂದಷ್ಟೇ ವಿಳಾಸ ಬರೆದ ಪತ್ರ ಅವರಿಗೆ ತಲುಪಿತೆಂಬ ಮಾತು ಪ್ರಚಲಿತವಾಗಿದೆ. ೧೯೬೦ರ ಮೇ ತಿಂಗಳಿನಲ್ಲಿ, ತಮ್ಮ ೮೯ನೆಯ ವಯಸ್ಸಿನಲ್ಲಿ, ಆ ಮನೆಯಲ್ಲಿಯೇ ನಿಧನರಾದರು.